ತವರಿನ ದೋಣಿಗೆ ಅಡ್ಡ ನಿಂತ ಮುತ್ತವ್ವ

ಯುಗಾದಿ ಅಮಾವಾಸ್ಯೆಯ ನಸುಕು. ಬೀಳಗಿ ಕಡೆಯ ಕೃಷ್ಣಾ ಹಿನ್ನೀರಿನಲ್ಲಿ ಮುತ್ತವ್ವ ಒಬ್ಬರೇ ಹುಟ್ಟು ಹಾಕುತ್ತಿದ್ದಾರೆ. ಸೀರೆಯ ಮೇಲೆ ಖಾಕಿ ಅಂಗಿ, ತಲೆಗೊಂದು ಟವೆಲ್. ನಡುಗಡ್ಡೆಯ ಸುತ್ತ ದೋಣಿ ತಿರುಗುತ್ತದೆಯೇ ಹೊರತು ದಂಡೆಗೆ ಹತ್ತುವುದಿಲ್ಲ.

ನೋಡಿದವರಿಗೆ ಅದು ಬರೀ ದಿಬ್ಬ. ಮುತ್ತವ್ವನಿಗೆ ಹುಟ್ಟಿದ ಊರು. ಅಣೆಕಟ್ಟೆಯ ನೀರು ಏರಿ ಊರೆಲ್ಲ ಮುಳುಗಿದಾಗ ಎತ್ತರದ ಓಣಿಯೊಂದೇ ನಡುಗಡ್ಡೆಯಾಗಿ ಉಳಿಯಿತು. ಬೇಸಿಗೆಯಲ್ಲಿ ನೀರಿಳಿದರೆ ಕಟ್ಟೆ, ಒರಳು, ಹೊಸ್ತಿಲು ಒಂದೊಂದೇ ಮೇಲೆ ಬರುತ್ತವೆ. ಅದೇ ಹೊತ್ತಿಗೆ ಕರಿ ನೆತ್ತಿಯ, ಹಳದಿ ಕೊಕ್ಕಿನ ರೀವ ಹಕ್ಕಿಗಳೂ ಬಂದಿಳಿಯುತ್ತವೆ. ಗೂಡು ಕಟ್ಟುವ ಉಸಾಬರಿ ಅವಕ್ಕಿಲ್ಲ, ಗರಸಿನ ಮೇಲೇ ಮೊಟ್ಟೆ. ಹೀಗಾಗಿ ಈಗ ಅದು ಸಂರಕ್ಷಿತ ಜಾಗ, ಮುತ್ತವ್ವ ಅದರ ದಿನಗೂಲಿ ಕಾವಲುಗಾರ್ತಿ.

ಬಲೆ ಬೀಸುವವರನ್ನು ಗದರಿಸಿ ಅಟ್ಟಬಹುದು. ತವರಿನವರನ್ನು ಏನು ಮಾಡುವುದು? ಈ ಅಮಾವಾಸ್ಯೆಗೆ ಪುನರ್ವಸತಿ ಕೇಂದ್ರದಿಂದ ಊರವರು ಬಂದು, ತಮ್ಮ ತಮ್ಮ ಹೊಸ್ತಿಲ ಬಳಿ ಐದು ಕಲ್ಲು ಆರಿಸಿಟ್ಟು, ಸುಣ್ಣ ಹಚ್ಚಿ, ಎಡೆ ಹಿಡಿಯುವುದು ನಡೆದು ಬಂದ ಪದ್ಧತಿ. ಹೋದ ವರ್ಷ ಚಿಗವ್ವ ಶೇವಂತಿ, ಪಾಪ, ಕಣ್ಣು ಮಂಜಾದವರು, ತಡಕಾಡಿ ಐದು ಆರಿಸಿದರು. ಐದನೆಯದಕ್ಕೆ ಸುಣ್ಣ ಹಚ್ಚುವಾಗ ಬೆರಳಿಗೆ ಬೆಚ್ಚಗೆ ತಾಗಿತು. ಅದು ಮೊಟ್ಟೆ.

"ನನ್ನ ಕೈಯಾಗ ಜೀವ ಇತ್ತಲ್ಲಬೇ ಅಂತ ಚಿಗವ್ವ ಅಳಾಕತ್ತಿದ್ಲರಿ," ಎನ್ನುತ್ತಾರೆ ಮುತ್ತವ್ವ. ಅಂದು ಜನ ಓಡಾಡಿದ ಬದಿಯ ಹಕ್ಕಿಗಳೆಲ್ಲ ಮೊಟ್ಟೆ ಬಿಟ್ಟು ಹೋದವು.

ಈ ಸಲ ಮುತ್ತವ್ವ ಮನೆಮನೆಗೆ ಹೋಗಿ, ಇಳಿಯಬೇಡಿ ಎಂದು ಕೈ ಮುಗಿದರು. ಪಗಾರ ಕೊಡುವವರ ಕಡೆ ಸೇರಿದಳು ಎಂದು ಜನ ಮುಖ ತಿರುಗಿಸಿದರು. ಒಡಹುಟ್ಟಿದ ಅಣ್ಣ ಗಿರಿಮಲ್ಲಪ್ಪನಂತೂ ಮಾತೇ ಬಿಟ್ಟರು.

ಈಗ ದೋಣಿಗಳು ಬರುತ್ತಿವೆ. ಮುಂದಿನದರಲ್ಲಿ ಅಣ್ಣ, ಕೈಯಲ್ಲಿ ಸುಣ್ಣದ ಡಬ್ಬಿ. ಮುತ್ತವ್ವ ತಮ್ಮ ದೋಣಿಯನ್ನು ಅಡ್ಡ ನಿಲ್ಲಿಸುತ್ತಾರೆ.

"ಅಪ್ಪ ಕಟ್ಟಿಸಿದ ಮನಿ ಅದು. ನೀ ಯಾರ ನನ್ನ ತಡಿಯಾಕ?"

"ನಾ ನಿನ್ನ ತಂಗೀನ ಅದೀನಿ ಅಣ್ಣಾ. ಊರ ಬಿಡ್ರಿ ಅಂದಾಗ ಅಪ್ಪಗ ಹೆಂಗಾಗಿತ್ತು, ನೀನೂ ಕಂಡೀದಿ. ಅವು ಅದ ಹೊಸ್ತಿಲದಾಗ ತತ್ತಿ ಇಟ್ಟಾವ. ಬಿಟ್ಟ ಹೋಗ್ರಿ ಅಂತ ನಾ ಹೆಂಗ ಹೇಳ್ಲಿ?"

ಗಿರಿಮಲ್ಲಪ್ಪ ದಿಬ್ಬದ ಕಡೆ ತಿರುಗಿ ಕೈ ಮುಗಿಯುತ್ತಾರೆ. ಆಮೇಲೆ ಕುಕ್ಕರಿಸಿ, ದೋಣಿಯ ಹಲಗೆಯ ಮೇಲೆ ಸುಣ್ಣದಿಂದ ಐದು ಬೊಟ್ಟು ಇಡುತ್ತಾರೆ. ಹಿಂದಿನ ದೋಣಿಯವರೂ ಇಳಿಯುವುದಿಲ್ಲ. ಎಡೆಯ ಹೋಳಿಗೆ ದೋಣಿಯಿಂದ ದೋಣಿಗೆ ದಾಟುತ್ತದೆ. ಮೊದಲ ತುಂಡನ್ನು ಅಣ್ಣ ತಂಗಿಯ ಕೈಗಿಟ್ಟು, ನೀನಾದರೂ ದಿನಾ ಮನೆ ನೋಡುತ್ತೀ, ಪುಣ್ಯವಂತೆ ಎನ್ನುತ್ತಾರೆ.

ದೋಣಿಗಳು ಮರಳಿದ ಮೇಲೆ ಮುತ್ತವ್ವ ಕಣ್ಣೊರೆಸಿಕೊಂಡು ಮತ್ತೆ ಹುಟ್ಟು ಹಿಡಿಯುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ನಗುತ್ತಾರೆ.

"ಕಾವಲಕ ಸೇರಿದ ಮ್ಯಾಲ ನಾನೂ ಅಲ್ಲಿ ಕಾಲಿಟ್ಟಿಲ್ರಿ. ಮರಿ ಹಾರಿದ ಮ್ಯಾಲ, ನೀರ ಏರೂದರೊಳಗ, ಒಂದ ದಿನ ನಮ್ಮ ಹೊಸ್ತಿಲದಾಗ ಕುಂದರಬೇಕು. ಅಷ್ಟ."