ಹೊತ್ತು ಮುಳುಗುವುದರೊಳಗೆ

ಮೊನ್ನೆ ಸೊಸೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದೆ. ಆಗ ಪಕ್ಕದ ಮನೆಯಲ್ಲಿದ್ದ, ನಾನು ಚಿಕ್ಕಮ್ಮನಂತೆ ಕಾಣುತ್ತಿದ್ದ ಕಾಕು ನೆನಪಾದಳು... ಅವಳ ಜೊತೆ ಮುಂಬಯಿಯಲ್ಲಿ ಕಳೆದ ಆ ಒಂದು ದಿನ ನೆನಪಾಯಿತು.

ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ನಾನು ಬೆಲ್ಲದ ಬಾಗೇವಾಡಿಯಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ಕಾಕುವಿನ ಗಂಡ ಮುಂಬಯಿಯ ಬಟ್ಟೆ ಗಿರಣಿ ಸೇರಿ ನಾಲ್ಕು ವರ್ಷವಾಗಿತ್ತು. ಬರುತ್ತೇನೆಂದು ಕಾಗದ ಬರುತ್ತಿತ್ತು, ಆತ ಬರುತ್ತಿರಲಿಲ್ಲ. ಕಡೆಗೆ ಕಾಕುವೇ ಹೊರಟಳು. ಮರಾಠಿ ಬೋರ್ಡು ಓದಲು ನಾನು ಜೊತೆಗೆ.

"ಈ ಸಲ ಅವರನ್ನ ಕರಕೊಂಡ ಬರೂದ, ತಮ್ಮಾ. ಎದುರಿಗೆ ಕುಂತು ಒಂದ ಹೊತ್ತು ಉಂಡು ಕೇಳತೇನಿ. ಒಲ್ಲೆ ಅನ್ನಾಂಗಿಲ್ಲ ಅವರು" ಎಂದಿದ್ದಳು.

ಇದ್ದ ರೊಕ್ಕ ರೈಲಿಗೇ ಸರಿಹೋಗುತ್ತಿತ್ತು. ಬೆಳಿಗ್ಗೆ ಇಳಿದು ಅದೇ ರಾತ್ರಿಯ ಗಾಡಿ ಹಿಡಿಯಬೇಕು. ಟ್ರಾಮ್ ಕಂಡು ನನ್ನ ಜೀವ ಕುಣಿದರೂ ಗಿರಣಿಗಳ ಕಡೆಗೆ ನಡೆದೇ ಹೋದೆವು. ಆತನಿದ್ದ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಹತ್ತು ಹನ್ನೆರಡು ಗಂಡಸರು ಪಾಳಿಯ ಮೇಲೆ ಮಲಗುತ್ತಿದ್ದರು. ಒಬ್ಬ ಎದ್ದ ಚಾಪೆಯ ಮೇಲೆ ಇನ್ನೊಬ್ಬ. ಹೆಂಗಸು ಕೂರುವ ಜಾಗವಲ್ಲ ಅದು. ಕಾಕು ಹೊರಗೆ ಮೆಟ್ಟಿಲ ಮೇಲೆ ರೊಟ್ಟಿ, ಸಿಹಿ ಮಾದಲಿಯ ಬುತ್ತಿ ಇಟ್ಟುಕೊಂಡು ಕೂತಳು. ನಮ್ಮ ಕಾಗದ ಆತನಿಗೆ ಮುಟ್ಟಿರಲಿಲ್ಲ, ಕೆಲಸಕ್ಕೆ ಹೋಗಿಬಿಟ್ಟಿದ್ದ. ಜೈನರ ಮನೆಯವರು, ಊರಲ್ಲಿದ್ದಾಗ ಗಂಡ ಹೆಂಡತಿ ಇಬ್ಬರೂ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಜೊತೆಗೇ ಉಣ್ಣಬೇಕೆಂದು ಕಾಕು ಬೆಳಿಗ್ಗೆಯಿಂದ ಉಪವಾಸವಿದ್ದಳು.

"ಪಾಳಿ ಬಿಡೂ ಭೋಂಗಾ ಆಗೂದಕ್ಕ ಗಿರಣಿ ಗೇಟಿನ್ಯಾಗ ನಿಂದ್ರಪಾ. ಸೀದಾ ಕರಕೊಂಡ ಬಾ. ಹೊತ್ತ ಮುಳಗೂದ್ರಾಗ ಉಂಡ ಬಿಡತೇವಿ."

ಗೇಟಿನಲ್ಲಿ ಅರ್ಧ ತಾಸು ನಿಂತೆ. ನನ್ನ ಕಾಲು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಮೂಲೆಯಲ್ಲಿ ಟ್ರಾಮಿನ ಗಂಟೆ ಕೇಳಿಸಿತು. ಇಲ್ಲೇ ನೋಡಿ ಬರೋಣವೆಂದು ಹೋದವನು ಅದರ ಬೆನ್ನು ಹತ್ತಿ ಎಲ್ಲೆಲ್ಲಿಗೋ... ಭೋಂಗಾ ಊದಿದಾಗ ಯಾವ ರಸ್ತೆಯಲ್ಲಿದ್ದೆನೋ ನನಗೇ ಗೊತ್ತಿರಲಿಲ್ಲ. ಓಡಿ ಬಂದಾಗ ಗೇಟು ಖಾಲಿ. ಕೇಳುತ್ತ ಅಲೆದು ಆತನನ್ನು ಕಂಡದ್ದು ಒಂದು ಖಾನಾವಳಿಯಲ್ಲಿ. ದೀಪ ಹಚ್ಚಿಯಾಗಿತ್ತು. ಆತ ಉಣ್ಣುತ್ತಿದ್ದ.

ಕಾಕು ಬಂದಿದ್ದಾಳೆಂದು ಹೇಳಿ ಚಾಳಿಗೆ ಕರೆತಂದೆ. ಆತನ ಅಂಗಿಯ ತುಂಬ ಯಂತ್ರದ ಎಣ್ಣೆಯ ವಾಸನೆ. ಕಾಕು ಆತನನ್ನು ನೋಡಿದಳು, ಕತ್ತಲಾದ ಓಣಿಯನ್ನು ನೋಡಿದಳು, ಮೆಟ್ಟಿಲ ದೀಪದಡಿ ಬುತ್ತಿ ಬಿಚ್ಚಿದಳು.

"ನೀ ಉಣ್ಣಾಂಗಿಲ್ಲೇನ?" ಎಂದ ಆತ.

"ನನ್ನ ಹೊತ್ತ ಮೀರೇತ್ರಿ. ನೀವು ಉಣ್ರಿ."

ಆಗಲೇ ಉಂಡಿದ್ದೇನೆಂದು ಹೇಳಲಾರದೆ ಆತ ಅಷ್ಟನ್ನೂ ತಿಂದ. ಕಾಕು ಆ ಕೈಯನ್ನೇ ನೋಡುತ್ತ ಕೂತಿದ್ದಳು. ಹೊರಡುವಾಗ "ಆರಾಮ ಇರ್ರಿ" ಎಂದಳು, ಅಷ್ಟೇ. ಕೇಳಲು ಬಂದದ್ದನ್ನು ಕೇಳಲಿಲ್ಲ.

ಗಾಡಿಯಲ್ಲಿ ನಾನೇ ಕೆದಕಿದೆ. "ದೀಪದ ಬೆಳಕಿನ್ಯಾಗ ಉಣ್ಣಾಕ ಅವರ ಕೈ ಒಂದೀಟೂ ತಡೀಲಿಲ್ಲಪಾ. ಮನೀ ನೇಮಾನ ಬಿಟ್ಟಾರು, ಇನ್ನ ಏನಂತ ಕರೀಲಿ?" ಎಂದು ಕಿಟಕಿಯ ಕಡೆ ತಿರುಗಿದಳು.

ಆತ ಊರಿಗೆ ಬರಲೇ ಇಲ್ಲ. ಮುಂದೆ ಅಲ್ಲೇ ಜ್ವರದಲ್ಲಿ ತೀರಿಕೊಂಡ. ಬೆಳಕಿರುವಾಗಲೇ ನಾನು ಆತನನ್ನು ಕರೆತಂದಿದ್ದರೆ ಅವಳು ಕೇಳುತ್ತಿದ್ದಳು. ಆತ ಬರುತ್ತಿದ್ದನೋ ಏನೋ... ಗೇಟಿನಲ್ಲಿ ಜನರ ಗರ್ದಿಯಿತ್ತು, ಆತ ಕಾಣಲಿಲ್ಲ ಎಂದು ಆ ರಾತ್ರಿ ನಾನು ಅವಳಿಗೆ ಸುಳ್ಳು ಹೇಳಿದ್ದೆ. ಅವಳು ನಂಬಿದ್ದಳು. ಬದುಕಿರುವ ತನಕ ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನನ್ನ ಸಲುವಾಗಿ ಕಾಲು ಸೋಲುತನಕಾ ಗಿರಣಿ ಗೇಟಿನ್ಯಾಗ ನಿಂತಿದ್ದಾ ಈ ಮಾಸ್ತರ" ಅನ್ನುತ್ತಿದ್ದಳು. ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ. ಈಗ ಖರೆ ಹೇಳೋಣವೆಂದರೆ ಕೇಳಲು ಅವಳಿಲ್ಲ.