ಹನ್ನೊಂದು ತಿಂಗಳು

ಹಗ್ಗ ಹೊಸೆಯುವ ಗೆಟ್ಸಲ್‌ಗೆ ನಲವತ್ತಾರು ವರ್ಷ. ಸೆರೆತ್ ಹೊಳೆಯ ದಂಡೆಯ ಆ ಪುಟ್ಟ ಯಹೂದಿ ಪಟ್ಟಣದಲ್ಲಿ ಅವನನ್ನು ಕೆಟ್ಟವನೆಂದವರಿಲ್ಲ. ಅವನ ಅಪ್ಪ ಜಾನ್ವಲ್‌ನನ್ನು ಒಳ್ಳೆಯವನೆಂದವರೂ ಇಲ್ಲ. ಜಾನ್ವಲ್ ಬಾಡಿಗೆ ಬಂಡಿ ಹೊಡೆಯುತ್ತಿದ್ದವನು. ಕುಡುಕ, ಬಾಯಿ ತೆರೆದರೆ ಬೈಗುಳ. ಶುಕ್ರವಾರ ಸಂಜೆ ಮನೆಮನೆಯಲ್ಲೂ ಸಬ್ಬತ್ತಿನ ದೀಪ ಹಚ್ಚಿ ಊರೆಲ್ಲ ಕೆಲಸ ಬಿಟ್ಟು ಕೂತ ಮೇಲೆ, ಪ್ರಾರ್ಥನಾ ಮಂದಿರದ ಮುಂದೆಯೇ ಚಾವಟಿ ಬೀಸುತ್ತ ಹಾದುಹೋಗುತ್ತಿದ್ದನಂತೆ.

ಅಂಥ ಅಪ್ಪ ಒಳಗೆ ಬಂದರೂ ಗೆಟ್ಸಲ್ ಎದ್ದು ನಿಲ್ಲುತ್ತಿದ್ದ. ಅಪ್ಪನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ, ಅಪ್ಪನ ಮಾತಿಗೆ ಎದುರು ಮಾತಾಡಲಿಲ್ಲ. ಕೊನೆಯ ಆರು ವರ್ಷ ಮುದುಕನ ಕೈ ನಡುಗುತ್ತಿದ್ದಾಗ ರೊಟ್ಟಿ ಮುರಿದು ನೆನೆಸಿ ತಿನ್ನಿಸಿದ, ಬಟ್ಟೆ ತೊಡಿಸಿದ, ಕೈಹಿಡಿದು ಹೊರಗೆ ಕರೆದೊಯ್ದು ಒಳಗೆ ಕರೆತಂದ.

"ಏನೋ ಇದು? ಕುದುರೆಗೆ ಬೇಯಿಸಿದ್ದನ್ನ ನಂಗೆ ತಂದಿದೀಯಾ?"

"ಬಾರ್ಲಿ ಗಂಜಿ ಅಪ್ಪಾ. ಉಪ್ಪು ಹಾಕಲಾ?"

"ಹಾಕು. ಕುದುರೆಗೂ ಒಂದಿಷ್ಟು ಹಾಕು, ಪಾಪ."

ಧರ್ಮಶಾಸ್ತ್ರ ಕೇಳುವುದು ಇಷ್ಟನ್ನೇ: ಉಣಿಸು, ಉಡಿಸು, ಎದ್ದು ನಿಲ್ಲು. ಪ್ರೀತಿಸು ಎಂದು ಅದು ಹೇಳುವುದಿಲ್ಲ. ಅದು ಕೇಳದಿದ್ದುದನ್ನೂ ಗೆಟ್ಸಲ್ ಕೊಟ್ಟಿದ್ದ.

ಚಳಿಗಾಲದ ಶೆವಾತ್ ಮಾಸದ ಮೊದಲ ವಾರದಲ್ಲಿ ಜಾನ್ವಲ್ ಸತ್ತ. ಅಂದಿನಿಂದ ದಿನಕ್ಕೆ ಮೂರು ಹೊತ್ತು ಗೆಟ್ಸಲ್ ಪ್ರಾರ್ಥನಾ ಮಂದಿರದಲ್ಲಿ ಮುಂದೆ ಬಂದು ನಿಂತು ಕದ್ದಿಶ್ ಹೇಳಿದ. ಅಪ್ಪ ಅಮ್ಮ ಸತ್ತಾಗ ಮಕ್ಕಳು ಹೇಳುವ ಆ ಪ್ರಾರ್ಥನೆಯಲ್ಲಿ ಸತ್ತವರ ಮಾತೇ ಇಲ್ಲ, ಇರುವುದೆಲ್ಲ ದೇವರ ಸ್ತುತಿ. ಆದರೂ ಗೆಟ್ಸಲ್‌ಗೆ ಅದು ಅಪ್ಪನೊಡನೆ ಆಡುವ ಮಾತಾಗಿತ್ತು. ಸೆಣಬಿನ ನಾರು ಸೊಂಟಕ್ಕೆ ಸುತ್ತಿಕೊಂಡು ಇಡೀ ದಿನ ಹಿಂದುಹಿಂದಕ್ಕೆ ನಡೆಯುತ್ತ ಹುರಿ ಎಳೆಯುವಾಗಲೂ ಅವನ ಗಮನ ಮುಂದಿನ ಹೊತ್ತಿನ ಮೇಲೇ ಇರುತ್ತಿತ್ತು.

ಆದರೆ ಅದಕ್ಕೊಂದು ಗಡುವಿದೆ. ಸತ್ತ ದುಷ್ಟರ ವಿಚಾರಣೆ ಮೇಲಿನ ಲೋಕದಲ್ಲಿ ಹನ್ನೆರಡು ತಿಂಗಳು ನಡೆಯುತ್ತದೆಂದು ನಂಬಿಕೆ. ಆದ್ದರಿಂದ ಮಕ್ಕಳು ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಹನ್ನೆರಡೂ ಹೇಳಿದರೆ ತಮ್ಮಪ್ಪ ದುಷ್ಟನೆಂದು ತಾವೇ ಊರಿಗೆ ಸಾರಿದಂತೆ.

ಆ ವರ್ಷ ಅಧಿಕಮಾಸ ಬಂದಿತ್ತು, ಆದಾರ್ ಮಾಸ ಎರಡು ಸಲ. ಚಳಿ ಮತ್ತೆ ಶುರುವಾದಾಗ ಒಂದು ಮುಂಜಾನೆ ಮಂದಿರದ ಪರಿಚಾರಕ ಯೋಯ್ನೆ ಗೆಟ್ಸಲ್‌ನ ತೋಳು ಹಿಡಿದ.

"ಲೋ ಗೆಟ್ಸಲ್, ಬರೋ ಮಂಗಳವಾರಕ್ಕೆ ನಿಂದು ಮುಗೀತು."

"ಇಲ್ಲ ಯೋಯ್ನೆ. ಇನ್ನೂ ಒಂದು ತಿಂಗಳಿದೆ."

"ಎಲ್ಲಿಂದ ಬಂತೋ? ಎರಡು ಆದಾರ್ ಆಯ್ತಲ್ಲ, ಎರಡನೇದನ್ನ ನೆಂಚಿಕೊಂಡು ತಿಂದ್ಯಾ?"

"ಎರಡಾದ್ರೂ ಹೆಸರು ಒಂದೇ. ಒಂದು ಅಂತಲೇ ಲೆಕ್ಕ."

"ಅವಳಿ ಮಕ್ಕಳು ಅಂತ ಇಬ್ಬರಿಗೂ ಸೇರಿಸಿ ಒಂದೇ ಟೋಪಿ ಹೊಲಿಸ್ತೀಯಾ?"

ಒಲೆಯ ಪಕ್ಕದ ಬೆಂಚಿನಲ್ಲಿದ್ದವರು ನಕ್ಕರು. ಬಂಡಿ ಹೊಡೆಯುವ ಬೆರಿಶ್ ಕೂತಲ್ಲಿಂದಲೇ ಕೂಗಿದ: "ಹೇಳ್ಲಿ ಬಿಡೋ ಯೋಯ್ನೆ! ಜಾನ್ವಲ್‌ಗೆ ಹನ್ನೆರಡೂ ಸಾಲದು, ಹದಿಮೂರು ಬೇಕು!"

ಸಂಜೆ ಆ ಮಾತು ಹೆಂಡತಿ ತ್ಸಿರ್ಲ್‌ಳ ಕಿವಿಗೂ ಬಿದ್ದಿತ್ತು. ಅವಳು ಈರುಳ್ಳಿ ಹೆಚ್ಚುತ್ತ, ತಲೆಯೆತ್ತದೆ ಕೇಳಿದಳು.

"ರೀ, ನಿಮಗೆ ಎಣಿಸೋಕೆ ಬರಲ್ವಾ? ಹಗ್ಗದ ಎಳೆ ಒಂದು ಹೆಚ್ಚಲ್ಲ, ಒಂದು ಕಮ್ಮಿ ಅಲ್ಲ. ತಿಂಗಳು ಮಾತ್ರ ತಪ್ಪುತ್ತಾ?"

ಗೆಟ್ಸಲ್ ಅಂಗಿಗೆ ಮೆತ್ತಿದ ನಾರು ಬಿಡಿಸುತ್ತ ಕೂತ.

"ಗೊತ್ತಿದ್ದೂ ಹೇಳ್ತಿದೀರಿ."

"ಗೊತ್ತು ಕಣೇ."

"ಮತ್ತೆ? ಮಾವನ ಮಾನ ಮೊದಲೇ ಬೀದೀಲಿದೆ. ಅದನ್ನ ನೀವೂ ತುಳೀಬೇಕಾ?"

"ಮಂಗಳವಾರ ಕಳೆದ್ರೆ ಅಪ್ಪನ್ನ ಮಾತಾಡಿಸೋದು ಹ್ಯಾಗೆ, ಹೇಳು?"

ಅವಳು ಚಾಕು ಕೆಳಗಿಟ್ಟಳು. "ರಬ್ಬಿಗಳನ್ನ ಕೇಳಿ," ಎಂದಳು.

ಮರುದಿನ ಮಧ್ಯಾಹ್ನ ಅವನು ಊರಿನ ಧರ್ಮಗುರುವಾದ ರಬ್ಬಿಯ ಮನೆಗೆ ಹೋದ. ರಬ್ಬಿ ಚಹಾದ ಗಾಜಿನ ಲೋಟಕ್ಕೆ ಅಂಗೈ ಒತ್ತಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

"ಎರಡು ಆದಾರ್ ಅಂದ್ರೆ ಎರಡು ತಿಂಗಳೇ ಗೆಟ್ಸಲ್. ಇದನ್ನ ಕೇಳೋಕೆ ಇಷ್ಟು ದೂರ ಬಂದೆಯಾ?"

"ಹನ್ನೆರಡು ಹೇಳೋಕೆ ದಾರಿಯೇ ಇಲ್ವಾ ಗುರುಗಳೇ?"

"ಒಂದಿದೆ. ಅಪ್ಪ ಧರ್ಮ ಮೀರಿ ನಡೆದವನು ಅಂತ ಮಗನಿಗೇ ಖಚಿತವಾಗಿ ಗೊತ್ತಿದ್ರೆ ಹೇಳಬಹುದು. ಹೇಳಲೇಬೇಕು ಅಂತಾರೆ ಕೆಲವರು." ರಬ್ಬಿ ಲೋಟ ಕೆಳಗಿಟ್ಟರು. "ಊರವರ ಮಾತು ನಂಗೆ ಬೇಡ. ನೀನು ಕಣ್ಣಾರೆ ಕಂಡಿದೀಯಾ?"

ಹೌದು ಎಂದರೆ ಸಾಕು, ಇನ್ನೂ ಒಂದು ತಿಂಗಳು ಅವನದು. ಮೂರು ಹೊತ್ತು, ಮೂವತ್ತು ದಿನ.

ಅವನು ಕಂಡಿದ್ದ. ಒಂಬತ್ತು ವರ್ಷದವನಿದ್ದಾಗ ಅಪ್ಪನ ಜೊತೆ ಸಂತೆಯಿಂದ ಬರುತ್ತಿದ್ದ. ಕಾಡಿನಲ್ಲೇ ಹೊತ್ತು ಮುಳುಗಿ ಸಬ್ಬತ್ ಹಿಡಿಯಿತು. ದಾರಿಯಲ್ಲಿ ಉಳಿಯಲು ತಂಗುಮನೆ ಸಿಕ್ಕಿತು, ಅಪ್ಪ ನಿಲ್ಲಿಸಲಿಲ್ಲ. ಹುಡುಗ ಅಳತೊಡಗಿದಾಗ ಅಪ್ಪ ಅವನನ್ನು ಹುಲ್ಲಿನೊಳಗೆ ಹುದುಗಿಸಿ ತನ್ನ ತುಪ್ಪಳದ ಕೋಟು ಹೊದಿಸಿದ. "ನೀನು ಮಲಗಿದೀಯ. ಏನೂ ನೋಡಿಲ್ಲ. ಪಾಪ ಇದ್ರೆ ಅದು ಬಂಡಿ ಹೊಡೆದೋನದ್ದು." ಹುಲ್ಲಿನ ಸಂದಿಯಿಂದ ಗೆಟ್ಸಲ್ ಅಪ್ಪನ ಬೆನ್ನನ್ನೂ ಅದರಾಚೆ ಮೂಡಿದ, ಇರುಳಾಯಿತೆಂಬುದಕ್ಕೆ ಗುರುತಾದ ಮೂರು ಚುಕ್ಕಿಗಳನ್ನೂ ಊರು ಮುಟ್ಟುವ ತನಕ ನೋಡುತ್ತಲೇ ಇದ್ದ.

"ಇಲ್ಲ ಗುರುಗಳೇ," ಎಂದ ಗೆಟ್ಸಲ್. "ನಾನು ಮಲಗಿದ್ದೆ."

ಯಾವಾಗ, ಎಲ್ಲಿ ಎಂದು ರಬ್ಬಿ ಕೇಳಲಿಲ್ಲ. ಲೋಟವನ್ನು ಮತ್ತೆ ಕೈಗೆತ್ತಿಕೊಂಡರು.

"ಹಾಗಾದ್ರೆ ಹನ್ನೊಂದೇ," ಎಂದರು.

ಮಂಗಳವಾರ ಸಂಜೆಯ ಕದ್ದಿಶ್ ಅನ್ನು ಅವನು ತೀರ ನಿಧಾನವಾಗಿ ಹೇಳಿದ, ಆದರೂ ಯೋಯ್ನೆ ಗದರಲಿಲ್ಲ. ಬುಧವಾರ ಬೆಳಗ್ಗೆ, ಅದೇ ವಾರ ಅಪ್ಪನನ್ನು ಕಳೆದುಕೊಂಡ ಚರ್ಮ ಹದಮಾಡುವವನೊಬ್ಬ ಮುಂದೆ ಬಂದು ನಿಂತ. ಗೆಟ್ಸಲ್‌ನ ಬಲಗಾಲು ತಾನಾಗಿ ಎದ್ದಿತು. ಅವನು ಅದನ್ನು ಹಿಂದಕ್ಕೆಳೆದುಕೊಂಡು, ಎಲ್ಲರೊಡನೆ ಆಮೆನ್ ಎಂದ.

ಹೊರಗೆ ಬೆರಿಶ್ ಗಾಡಿಗೆ ಕುದುರೆ ಕಟ್ಟುತ್ತಿದ್ದ. "ಏನೋ, ನಿಲ್ಲಿಸಿಬಿಟ್ಟೆಯಾ? ನಿಮ್ಮಪ್ಪನಿಗೆ ಅಷ್ಟೇ ಸಾಕಾ?"

"ನಿಮ್ಮಪ್ಪನಿಗೆ ಎಷ್ಟು ಹೇಳಿದೆ ಬೆರಿಶ್?"

"ಹನ್ನೊಂದು. ಇನ್ನೆಷ್ಟು?"

"ನಮ್ಮಪ್ಪನಿಗೂ ಅಷ್ಟೇ."

ಬೆರಿಶ್ ಕುದುರೆಯ ಪಟ್ಟಿ ಬಿಗಿಯತೊಡಗಿದ. ಆ ಚಳಿಗಾಲವೆಲ್ಲ ಗೆಟ್ಸಲ್ ಮೂರು ಹೊತ್ತೂ ಎಲ್ಲರಿಗಿಂತ ಮೊದಲೇ ಮಂದಿರಕ್ಕೆ ಬಂದು ಕೂರುತ್ತಿದ್ದ, ಬೇರೆಯವರ ಅಪ್ಪಂದಿರಿಗೆ ಆಮೆನ್ ಹೇಳಲು.