ನಾನು ಒಗೆದ ರುಮಾಲುಗಳು

ಕೊಳೆ ಕಂಡರೆ ನನಗೆ ಆಗುವುದಿಲ್ಲ. ತವರಿನ ಮಡಿ, ಅತ್ತೆಮನೆಯ ಮಡಿ, ಅದರ ಮೇಲೆ ರಾಯಚೂರಿನ ಶಾಲೆಯಲ್ಲಿ ದಿನಾ ಮಕ್ಕಳ ಉಗುರು ನೋಡಿಯೇ ಪಾಠ ಶುರುಮಾಡುತ್ತಿದ್ದ ಮಾಸ್ತರಿಕೆ, ಎಲ್ಲ ಸೇರಿ ನನ್ನನ್ನು ಹೀಗೆ ಮಾಡಿವೆ. ಇವಳು ಸೋಪನ್ನೂ ತೊಳೆದೇ ಬಳಸುತ್ತಾಳೆ ಎಂದು ಮನೆಯವರು ಚೇಷ್ಟೆ ಮಾಡುತ್ತಾರೆ. ಆ ಗುಣದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಈಗ ಇಲ್ಲ.

ನಿವೃತ್ತಿಯಾದ ಮೇಲೆ ದೇವದುರ್ಗ ಕಡೆಯ ಒಂದು ದೇಸಗತಿ ಮನೆತನದವರು, ಹಳೆಯ ಜಮೀನುದಾರರು, ನನಗೆ ಹೇಳಿಕಳಿಸಿದರು. ಅವರ ಹಳೆಯ ವಾಡೆಮನೆ ಬೀಳುವ ಸ್ಥಿತಿಗೆ ಬಂದಿತ್ತು. ಅಲ್ಲಿದ್ದ ಜಮೀನಿನ ಕಾಗದಗಳನ್ನು ರಾಯಚೂರಿನ ಮನೆಗೆ ತಂದಿಟ್ಟಿದ್ದರು. ಅವೆಲ್ಲ ಹಿಂದಿನ ಕಾಲದ ಮೋಡಿ ಲಿಪಿಯಲ್ಲಿದ್ದವು, ನನಗೆ ಅದನ್ನು ಅಜ್ಜ ಕಲಿಸಿದ್ದ. ಮನೆತನದ ಹಿರಿಯರನ್ನು ಎಲ್ಲರೂ ಧಣಿ ಎನ್ನುತ್ತಾರೆ. ಅವರು ನಯವಾಗಿಯೇ ಕೇಳಿದರು: "ಟೀಚರ್, ಇವನ್ನೆಲ್ಲಾ ಓದಿ ಒಂದು ಪಟ್ಟಿ ಮಾಡಿಕೊಡ್ರಿ. ಏನೇನ್ ಅದಾವೋ ನಮಗೂ ಗೊತ್ತಿಲ್ಲ."

ಕಾಗದಗಳು ಗಂಟುಗಳಲ್ಲಿದ್ದವು. ಒಂದೊಂದು ಗಂಟಿಗೂ ಒಂದೊಂದು ಚೌಕದ ಬಟ್ಟೆ, ಅದಕ್ಕೆ ರುಮಾಲು ಎನ್ನುತ್ತಾರೆ. ಇಲಿ ಹಿಕ್ಕೆ, ಜೇಡರ ಬಲೆ, ಮುಗ್ಗಲು ವಾಸನೆ. ಮೊದಲ ದಿನವೇ ಎಲ್ಲ ಗಂಟು ಬಿಚ್ಚಿ, ಕಾಗದಗಳ ಧೂಳು ಒರೆಸಿ, ಇಸವಿ ಪ್ರಕಾರ ಜೋಡಿಸಿಬಿಟ್ಟೆ. ರುಮಾಲುಗಳನ್ನು ಮನೆಗೆ ಒಯ್ದು ಬಿಸಿನೀರಲ್ಲಿ ನೆನೆಹಾಕಿ, ಕುಕ್ಕಿ, ಹಿಂಡಿ, ಇಸ್ತ್ರಿಯನ್ನೂ ಮಾಡಿದೆ. ಮೂಲೆಗಳಲ್ಲಿ ಮಸಿ ಹತ್ತಿದ್ದು ಕಂಡಿತ್ತು. ಕಲೆ ಎಂದುಕೊಂಡು ಅಲ್ಲಿ ಇನ್ನಷ್ಟು ಉಜ್ಜಿದೆ. ಕೆಲಸ ಮುಗಿದ ದಿನ ಧಣಿಗಳು ನನಗೆ ಶಾಲು ಹೊದಿಸಿದರು.

ಕೆಲವೇ ದಿನಗಳಲ್ಲಿ ಮಲ್ಲಟದಿಂದ ಒಬ್ಬಾಕೆ ಅವರ ಮನೆಗೆ ಬಂದಳು. ಹೊಲದಲ್ಲಿ ದುಡಿದು ಕೈ ಬಿರುಸಾದ ಹೆಂಗಸು. ಧಣಿಗಳು ಮಲ್ಲಟದ ಹೊಲವನ್ನು ಮಾರುವವರಿದ್ದರು. ಆ ಹೊಲದ ಮೂಲೆಯಲ್ಲಿ ಆಕೆಯ ಮನೆಯವರನ್ನು ತಲೆತಲಾಂತರದಿಂದ ಹೂಳುತ್ತ ಬಂದಿದ್ದರು.

"ನಮ್ಮ ಮುತ್ಯಾ ನಿಮ್ಮ ಹೊಲದ ಬಾವಿ ಕಾಯತಿದ್ದನಂತ್ರೀ ಧಣಿ. ಆ ಮೂಲಿ ಅವನಿಗೆ ಬರಕೊಟ್ಟಾರಂತ. ನಮ್ಮತ್ತಿ ಹಾಸಗಿ ಹಿಡದಾಳ. ನನ್ನ ಗಂಡನ ಬಾಜೂಕೇ ನನ್ನ ಇಡ್ರಿ ಅಂತ ದಿನಾ ಅನ್ನಾಕತ್ತಾಳ."

ಧಣಿಗಳು ಕೆಟ್ಟವರಲ್ಲ. "ಕಾಗದದಾಗ ಇದ್ದರ ಆ ಮೂಲಿ ಬಿಟ್ಟೇ ಮಾರತೀನಿ. ಟೀಚರ್ ಹೇಳಿದಂಗ," ಎಂದು ನನ್ನನ್ನು ಕರೆಸಿದರು.

ಚೀಟಿ ಸಿಕ್ಕಿತು. ಬಾವಿ ಕಾಯುವವನಿಗೆ ಹೊಲದ ಮೂಡಣ ಮೂಲೆ, ಅವನ ಮನೆಯವರನ್ನು ಹೂಳಲಿಕ್ಕೆ, ಎಂದೂ ಮರಳಿ ಕೇಳತಕ್ಕದ್ದಲ್ಲ ಎಂದು ಬರೆದಿತ್ತು. ಯಾವ ಊರಿನ ಹೊಲ ಎಂದು ಮಾತ್ರ ಇರಲಿಲ್ಲ. ಮರುವರ್ಷದ ಕಾಗದಗಳಲ್ಲಿ ಅಂಥದೇ ಇನ್ನೊಂದು ಚೀಟಿ ಇತ್ತು, ಅದರಲ್ಲೂ ಊರಿಲ್ಲ. ಎಂಥ ದಡ್ಡ ಬರೆದಿದ್ದಾನಪ್ಪಾ ಎಂದು ಬೈದುಕೊಂಡೆ. ಆಮೇಲೆ ಹೊಳೆಯಿತು. ಅವರು ಊರಿಗೊಂದು ಗಂಟು ಕಟ್ಟಿದ್ದರು. ಊರ ಹೆಸರು ರುಮಾಲಿನ ಮೂಲೆಯಲ್ಲೇ ಇದ್ದ ಮೇಲೆ ಒಳಗಿನ ಚೀಟಿಗಳಲ್ಲಿ ಯಾಕೆ ಬರೆಯುತ್ತಾರೆ? ದಡ್ಡಿ ನಾನು.

ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಊರಿನ ಹೆಸರಿಲ್ಲ ಎಂದೆ. "ಮೊದಲಿಂದನೂ ಇರಲಿಲ್ಲೇನು ಟೀಚರ್?" ಎಂದು ಧಣಿಗಳು ಸಹಜವಾಗಿ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ, "ಈ ಕಾಗದದಾಗ ಎಂದೂ ಇರಲಿಲ್ರೀ," ಎಂದು ಬೇಕಾದ್ದಕ್ಕಿಂತ ಜೋರಾಗಿ ಹೇಳಿದೆ. ಅದು ಸುಳ್ಳಲ್ಲ, ಸುಳ್ಳಿಗಿಂತ ಕೆಟ್ಟದ್ದು. ಶಾಲು ಹೊದಿಸಿಕೊಂಡವಳಿಗೆ ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಗಿತ್ತು, ಅಷ್ಟೇ. ಆಕೆ ಇಷ್ಟು ಹುಡುಕಿದಿರಲ್ಲ ಎಂದು ನನಗೇ ಕೈಮುಗಿದು ಹೋದಳು.

ಹೊಲ ಮಾರಾಟವಾಯಿತು, ಸುತ್ತ ತಂತಿ ಬೇಲಿ ಬಿತ್ತು ಎಂದು ಕೇಳಿದೆ. ಊಟಕ್ಕೆ ಕೂತರೆ ಆಕೆ ಕೈಮುಗಿದದ್ದು ನೆನಪಾಗುತ್ತಿತ್ತು. ಕೊನೆಗೆ ತಡೆಯಲಾಗದೆ ಒಂದು ಬೆಳಿಗ್ಗೆ ಬಸ್ಸು ಹತ್ತಿ ಮಲ್ಲಟಕ್ಕೆ ಹೋದೆ.

ಆಕೆ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ಬಟ್ಟೆ, ಮಸಿ, ಆವತ್ತು ನಾನು ಆಡಿದ ಮಾತು. ಬೈದುಬಿಡಲಿ ಎಂದು ಕಾದೆ.

"ತೊಳದದ್ದಕ್ಕ ಏನನ್ನಲಿರೀ, ನಾನಾದರೂ ತೊಳೀತಿದ್ದೆ," ಎಂದಳು. ಕೈ ಕೆಲಸ ನಿಲ್ಲಿಸಲಿಲ್ಲ. "ಆವತ್ತೇ ಹಿಂಗ ಅಂದಿದ್ದರ ಧಣಿ ನಂಬತಿದ್ದರಲ್ರೀ. ನಿಮ್ಮ ಮಾತು ಅವರು ತಗದು ಹಾಕತಿದ್ದಿಲ್ಲ. ಊರ ಹೆಸರು ಬಟ್ಟಿ ಮ್ಯಾಲ ಇತ್ತು, ನನ್ನ ಕೈಲೆ ಹೋತು ಅಂದಿದ್ದರ ಸಾಕಿತ್ತು."

ಅತ್ತೆ ಹೇಗಿದ್ದಾರೆ ಎಂದು ಕೇಳಿದೆ. ಆಕೆ ಮೊರ ಪಕ್ಕಕ್ಕಿಟ್ಟು ಎದ್ದಳು. "ಬರ್ರಿ."

ಬೇಲಿಯ ಗುಂಟ ನಡೆದು ಹಳ್ಳದ ದಂಡೆಗೆ ಬಂದೆವು. ಅಲ್ಲಿ ಒಂದೇ ಒಂದು ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಕಲ್ಲು. ಮಣ್ಣು ಇನ್ನೂ ಹಸಿಯಾಗಿತ್ತು.

"ಮಾವ ಅಲ್ಲಿ ಅದಾನ," ಎಂದು ಆಕೆ ಬೇಲಿಯೊಳಗೆ ಬೆರಳು ತೋರಿಸಿದಳು. "ಇಕಿ ಇಲ್ಲಿ ಒಬ್ಬಾಕೀನೇ. ಕಡೀತನಕ ಕೇಳಾಕತ್ತಿದ್ಲು, ಟೀಚರ್ ಓದಿ ಏನಂದ್ರು ಅಂತ. ಓದ್ಯಾರ ಯವ್ವಾ, ಆ ಮೂಲಿ ನಮ್ಮದೇ ಅಂತ ಬರದಾರ ಅಂದೆ. ಸುಳ್ಳ ಹೇಳೇ ಕಳಿಸೀನ್ರೀ."